ಸಿಕ್ಕಿದ್ದು ಯಾರದ್ದು?

2016ರಲ್ಲಿ ನಾನು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದೆ. ಅದೇ ವರ್ಷ ಕೊಳ್ಳೇಗಾಲದ ಒಂದು ಗುಜರಿ ಅಂಗಡಿಯಲ್ಲಿ ನನ್ನ ಅಬ್ಬಾನ ಚರಕದ ಹಿಡಿ ಸಿಕ್ಕಿತು. ಸೈಕಲ್ ರಿಮ್ಮು, ಪಂಪ್‌ಸೆಟ್ಟಿನ ತುಂಡುಗಳು, ಮಗ್ಗದ ಕಂಬಿಗಳ ರಾಶಿಯ ನಡುವೆ ಅದು ಬಿದ್ದಿತ್ತು. ಮರ ಸೀಳಿದ ಜಾಗದಲ್ಲಿ ತಾಮ್ರದ ತಂತಿ ಸುತ್ತಿತ್ತು. ಆ ತಂತಿ ಸುತ್ತಿದ್ದು ನಾನೇ. ಏಳನೇ ಕ್ಲಾಸಿನಲ್ಲಿದ್ದೆ. ಅಬ್ಬಾ ಹಿಡಿಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಒತ್ತಿ ಹಿಡಿದಿದ್ದರು, ನಾನು ಇಕ್ಕಳದಲ್ಲಿ ತಂತಿ ಎಳೆಯುತ್ತಿದ್ದೆ. ಕೊನೆಯ ಸುತ್ತು ಅಡ್ಡ ಹೋಗಿತ್ತು. ಆ ಅಡ್ಡ ಸುತ್ತಿನಿಂದಲೇ ಗುರುತು ಹಿಡಿದೆ.

“ಕಬ್ಬಿಣದ ರೇಟು ಟೀಚರ್, ಮರ ಸುಮ್ನೆ ತಗೊಳ್ಳಿ” ಎಂದರು ಅಂಗಡಿಯವರು. ಅವರ ಮಗ ನನ್ನ ವಿದ್ಯಾರ್ಥಿ. ಅಚ್ಚು, ಎರಡು ಕಡ್ಡಿ, ಹಿಡಿ ಸೇರಿ ತೂಕಕ್ಕೆ ಹಾಕಿ ಎಪ್ಪತ್ತು ರೂಪಾಯಿ ತೆಗೆದುಕೊಂಡರು. ಮನೆಗೆ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಇದರಿಂದ ಏನಾದರೂ ಮಾಡಬೇಕು ಅನ್ನಿಸಿತು. ಏನು ಅನ್ನುವುದು ಗೊತ್ತಿರಲಿಲ್ಲ.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ನಾನು ಹುಟ್ಟಿದ 1956ರಲ್ಲೇ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿತು. ಮದ್ರಾಸ್ ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಗೂಡು ಅಂದರೆ ಮೊದಲು ಬರುವ ಹೆಸರು ಕೊಳ್ಳೇಗಾಲದ್ದೇ ಆಗಿತ್ತಂತೆ. ಊರಿನ ದೇವಾಂಗರು ನೇಯುವವರು, ನಮ್ಮಂಥ ಅನೇಕ ಮುಸ್ಲಿಂ ಮನೆಗಳವರು ಗೂಡು ಬೇಯಿಸಿ ನೂಲು ತೆಗೆಯುವವರು. ಅಬ್ಬಾ ಬಿಸಿನೀರಿನ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಂಟು ಹತ್ತು ಗೂಡುಗಳ ಎಳೆಗಳನ್ನು ಬೆರಳ ತುದಿಯಲ್ಲಿ ಕೂಡಿಸಿ ಕೊಡುತ್ತಿದ್ದರು. ಶಾಲೆಗೆ ಹೋಗುವ ಮೊದಲು ಮತ್ತು ಬಂದ ಮೇಲೆ ಚಕ್ರ ತಿರುಗಿಸುವುದು ನಮ್ಮ ಕೆಲಸ, ನನ್ನದು ಮತ್ತು ಅಣ್ಣನದು. ಕುದಿನೀರಿನಲ್ಲಿ ನೆನೆದು ನೆನೆದು ಅಬ್ಬಾನ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು. ಊಟದಲ್ಲಿ ಉಪ್ಪಿನಕಾಯಿ ಮುಟ್ಟಿದರೆ ಉರಿ. ಇನ್ನೊಂದು ಮಾತು ಹೇಳಿದರೆ ನೀವು ನಗಬಹುದು. ನಮ್ಮಲ್ಲಿ ಗಂಡಸರು ರೇಷ್ಮೆ ಉಡುವಂತಿಲ್ಲ. ಐವತ್ತು ವರ್ಷ ರೇಷ್ಮೆ ತೆಗೆದ ಅಬ್ಬಾ ಒಂದು ದಿನವೂ ಅದನ್ನು ಮೈಗೆ ತಾಗಿಸಲಿಲ್ಲ. ಹತ್ತಿ ಲುಂಗಿ, ಹತ್ತಿ ಜುಬ್ಬ, ಚಳಿಗೆ ಒಂದು ಕಪ್ಪು ಕಂಬಳಿ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಚೀನಾದ ಕಚ್ಚಾ ರೇಷ್ಮೆ ಅಗ್ಗಕ್ಕೆ ಬರತೊಡಗಿತು. ಅದರ ಮೇಲೆ ಸರ್ಕಾರ 2003ರಲ್ಲಿ ವಿಶೇಷ ಸುಂಕ ಹಾಕುವಷ್ಟರಲ್ಲಿ ನಮ್ಮ ಬೀದಿಯ ಹಲವು ಒಲೆಗಳು ಆರಿದ್ದವು. 2004ರಲ್ಲಿ ಅಣ್ಣ ನಮ್ಮ ಚರಕವನ್ನು ಇನ್ನೊಬ್ಬ ರೀಲರಿಗೆ ಮಾರಿದ. ಅಬ್ಬಾ ಅಂದು ಮನೆಯಲ್ಲಿರಲಿಲ್ಲ, ಬೇಕೆಂದೇ ಹೊರಗೆ ಹೋಗಿದ್ದರು. 2009ರಲ್ಲಿ ತೀರಿಕೊಂಡರು. ಆ ಇನ್ನೊಬ್ಬ ರೀಲರೂ ಬಾಗಿಲು ಮುಚ್ಚಿದ ಮೇಲೆ ಚರಕ ಗುಜರಿಗೆ ಬಂದಿರಬೇಕು.

ಉಣ್ಣೆ ನನ್ನ ಕೈಗೆ ಬಂದದ್ದು ಅದರ ಮುಂದಿನ ಜನವರಿಯಲ್ಲಿ. ಭತ್ತ ಕೊಯ್ದ ಮೇಲೆ ಯಳಂದೂರಿನ ಕಡೆಯ ಗದ್ದೆಗಳಲ್ಲಿ ದೂರದಿಂದ ಬಂದ ಕುರಿ ಮಂದೆಗಳು ಬೀಡುಬಿಡುವುದನ್ನು ನೀವೂ ನೋಡಿರಬಹುದು. ಗೊಬ್ಬರಕ್ಕಾಗಿ ರೈತರು ಮಂದೆ ಹಾಕಿಸಿಕೊಳ್ಳುತ್ತಾರೆ, ರಾತ್ರಿಗಿಷ್ಟು ಎಂದು ಕೊಡುತ್ತಾರೆ. ನಮ್ಮ ಕಡೆಯ ಬನ್ನೂರು ಕುರಿ ಮಾಂಸಕ್ಕೆ ಹೆಸರುವಾಸಿ, ಅದರ ಮೈಮೇಲಿರುವುದು ಉಣ್ಣೆಗಿಂತ ಹೆಚ್ಚಾಗಿ ಕೂದಲು. ಕಂಬಳಿಗೆ ಬೇಕಾದ ತುಪ್ಪಟ ಇರುವುದು ಚಿತ್ರದುರ್ಗ, ಶಿರಾ ಕಡೆಯ ದಖನಿ ಕುರಿಗಳಿಗೆ. ಆ ದಿನ ರಸ್ತೆ ಬದಿಯಲ್ಲಿದ್ದದ್ದು ಶಿರಾ ಕಡೆಯ ಮಂದೆ. ಇಬ್ಬರು ಕುರಿಗಳ ಕಾಲು ಕಟ್ಟಿ ಕತ್ತರಿಯಲ್ಲಿ ಉಣ್ಣೆ ತೆಗೆಯುತ್ತಿದ್ದರು. ಪಕ್ಕದ ಬದುವಿನ ಮೇಲೆ ಕಪ್ಪು, ಕಂದು, ಬೂದಿ ಬಣ್ಣದ ರಾಶಿ. ವಯಸ್ಸಾದ ಹೆಂಗಸೊಬ್ಬರು ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಅದನ್ನೇನು ಮಾಡುತ್ತೀರಿ ಎಂದು ಕೇಳಿದೆ.

“ಏನ್ ಮಾಡಾದು ತಾಯಿ, ಮೊದ್ಲು ಕಂಬ್ಳಿ ನೇಯೋರು ಬಂದು ಎತ್ಕಂಡೋಗೋರು. ಈಗ ಕತ್ತರಿಸಿದ ಕೂಲಿನೂ ಹುಟ್ಟಲ್ಲ. ಬೇಸಿಗೇಲಿ ಕುರಿಗೆ ಸೆಕೆ ಆಗ್ತದೆ ಅಂತ ಕತ್ತರಿಸ್ತೀವಿ. ಬೇಕಾ? ತಗೊಂಡೋಗು.”

ಎರಡು ಚೀಲ ತುಂಬಿಕೊಟ್ಟರು. ಇದರಿಂದ ಏನು ಮಾಡುತ್ತೀ ಎಂದು ಅವರು ಕೇಳಿದಾಗ, ಬೊಂಬೆಯ ಥರ ಏನೋ ಒಂದು ಎಂದೆ. “ಮಾಡಿದ್ಮ್ಯಾಲೆ ತೋರ್ಸು ಮತ್ತೆ” ಎಂದು ನಕ್ಕರು. ನಾನೂ ನಕ್ಕು ಆಟೋ ಹತ್ತಿದೆ. ಹಣದ ಮಾತು ಬರಲಿಲ್ಲ.

ಉಣ್ಣೆ ಬಂತು, ಆದರೆ ನೂಲುವುದು, ನೇಯುವುದು ನನಗೆ ಬಾರದು. ಒಡೆಯರಪಾಳ್ಯದ ಟಿಬೆಟನ್ನರ ನೆನಪಾಯಿತು. 1970ರ ದಶಕದಲ್ಲಿ ಅಲ್ಲಿ ಅವರ ಧೊಂಡೆನ್ಲಿಂಗ್ ಶಿಬಿರ ನೆಲೆಗೊಂಡಿತು. ಹಿಂದೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಕರೆದುಕೊಂಡು ಹೋಗಿದ್ದಾಗ ಅಲ್ಲಿ ಉಣ್ಣೆಯ ಜಮಖಾನೆ ನೇಯುವುದನ್ನು ತೋರಿಸಿದ್ದೆ. ಈ ಸಲ ನಾನೊಬ್ಬಳೇ ಹೋದೆ. ಅಲ್ಲಿನ ಒಬ್ಬ ಅಜ್ಜಿ ನನ್ನ ಚೀಲದೊಳಗೆ ಕೈ ಹಾಕಿ ಮುಖ ಸಿಂಡರಿಸಿದರು. ತುಂಬ ಒರಟು ಎಂದರು. ಆದರೂ ಹಳೆಯ ಚಾಪೆಯೊಂದನ್ನು ತಂದು ಅಂಗಳದಲ್ಲಿ ಹಾಸಿದರು. ಅವರ ಕನ್ನಡ ಸ್ವಲ್ಪ, ನನ್ನ ಹಿಂದಿ ಸ್ವಲ್ಪ, ಉಳಿದದ್ದೆಲ್ಲ ಕೈಯ ಭಾಷೆ.

ನೇಯದೆ ಬಟ್ಟೆ ಮಾಡುವ ಈ ಕೆಲಸಕ್ಕೆ ಕಾಶ್ಮೀರದಲ್ಲಿ, ರಾಜಸ್ಥಾನದಲ್ಲಿ, ಕಛ್‌ನಲ್ಲಿ ನಮ್ದಾ ಎನ್ನುತ್ತಾರೆ. ಕಛ್‌ನಲ್ಲಿ ಇದನ್ನು ಮಾಡುವವರು ಪಿಂಜಾರ ಮತ್ತು ಮನ್ಸೂರಿ ಮನೆತನದವರು, ನಮ್ಮ ಕಡೆ ಅರಳೆ ಹಿಂಜಿ ಹಾಸಿಗೆ ತುಂಬುವ ಪಿಂಜಾರರ ಹೆಸರಿನವರೇ. ಮಗ್ಗ ಬೇಡ, ಹಾಸು ಹೊಕ್ಕು ಬೇಡ. ಉಣ್ಣೆಯನ್ನು ಹಿಂಜಿ, ಅದರೊಳಗಿನ ಮುಳ್ಳು, ಉತ್ತರಾಣಿ ಬೀಜ ತೆಗೆದು, ತೊಳೆದು ಒಣಗಿಸಬೇಕು. ಚಾಪೆಯ ಮೇಲೆ ಒಂದು ಪದರ ಉದ್ದಕ್ಕೆ, ಅದರ ಮೇಲೆ ಇನ್ನೊಂದು ಅಡ್ಡಕ್ಕೆ, ಹೀಗೆ ನಾಲ್ಕೈದು ಪದರ ಹರಡಬೇಕು. ಸೋಪು ಕರಗಿಸಿದ ಬಿಸಿನೀರು ಚಿಮುಕಿಸಿ, ಚಾಪೆ ಸಮೇತ ಸುರುಳಿ ಸುತ್ತಿ, ಹಗ್ಗ ಬಿಗಿದು ಉರುಳಿಸಬೇಕು. ಕಾಲಿನಿಂದ, ಮೊಣಕೈಯಿಂದ, ಮೈಯ ಭಾರವೆಲ್ಲ ಹಾಕಿ ಉರುಳಿಸಬೇಕು. ಬಿಚ್ಚಿ, ಇನ್ನೊಂದು ದಿಕ್ಕಿಗೆ ಸುತ್ತಿ, ಮತ್ತೆ ಉರುಳಿಸಬೇಕು.

ಇದರ ಗುಟ್ಟು ಉಣ್ಣೆಯ ಎಳೆಯಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈಮೇಲೆ ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಹುರುಪೆಗಳಿರುತ್ತವೆ. ಬಿಸಿ, ನೀರು ಮತ್ತು ಸೋಪು ಸೇರಿದಾಗ ಅವು ಸ್ವಲ್ಪ ಏಳುತ್ತವೆ. ಉಜ್ಜಿದಾಗ ಎಳೆ ಒಂದೇ ದಿಕ್ಕಿಗೆ ಮುಂದೆ ಸರಿಯುತ್ತದೆ, ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ಹೀಗೆ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ. ಒಮ್ಮೆ ಕೂಡಿದ ಮೇಲೆ ಬಿಡಿಸಲಾಗದು.

ಮೆರಿನೋ ಉಣ್ಣೆಯಾದರೆ ಬೇಗ ಕೂಡುತ್ತದೆ. ದಖನಿ ಉಣ್ಣೆಯ ಎಳೆ ಅದರ ಎರಡರಷ್ಟು ದಪ್ಪ, ನಡುನಡುವೆ ಕೂಡಲಾರದ ಗಡಸು ಕೂದಲು. ಮನೆಗೆ ಬಂದು ನಾನೇ ಮಾಡಿದ ಮೊದಲ ಮೂರು ಹಾಳೆಗಳು ಎತ್ತಿದರೆ ಹರಿದು ಕೈಗೆ ಬಂದವು. ಎರಡು ತಿಂಗಳು ಹೀಗೇ ಹೋಯಿತು. ಆಮೇಲೆ ಚೀಲದಲ್ಲಿದ್ದ ಮರಿಗಳ ಉಣ್ಣೆಯನ್ನು ಆರಿಸಿ ಬೇರೆ ಮಾಡಿದೆ. ಮೊದಲ ಸಲ ಕತ್ತರಿಸಿದ ಉಣ್ಣೆ ಮೆದು. ಒಂದು ಪದರ ಮರಿಯದು, ಒಂದು ಪದರ ದೊಡ್ಡ ಕುರಿಯದು, ಹೀಗೆ ಹಾಕಿದ ಮೇಲೆ ಹಾಳೆ ನಿಂತಿತು. ನೀರಿನ ಬಿಸಿ ಸಾಕೇ ಎಂದು ನೋಡಲು ಕೈ ಅದ್ದುತ್ತಿದ್ದೆ. ಸಂಜೆ ನೋಡಿದರೆ ನನ್ನ ಬೆರಳ ತುದಿಗಳೂ ಬಿಳಿಚಿ ಸುಕ್ಕಾಗಿದ್ದವು.

ಇನ್ನು ಶಿಲ್ಪ. ಗುಜರಿಯಿಂದ ತಂದದ್ದು ಮೂಳೆ, ಉಣ್ಣೆ ಚರ್ಮ ಎಂದು ಮೊದಲು ಯೋಚಿಸಿದೆ. ಹಸಿಯಾಗಿದ್ದಾಗಲೇ ಕಬ್ಬಿಣದ ಮೇಲೆ ಹೊದಿಸಿ ಉಜ್ಜಿದರೆ ಉಣ್ಣೆ ಕುಗ್ಗುತ್ತಾ ಅದರ ಆಕಾರವನ್ನೇ ಅಪ್ಪಿಕೊಳ್ಳುತ್ತದೆ. ಒಳಗಿನ ಕಬ್ಬಿಣ ತೆಗೆದರೂ ಆಕಾರ ನಿಲ್ಲಬೇಕಾದರೆ ಗಂಜಿ ಬೇಕು. ಅದಕ್ಕೆ ಕಂಬಳಿ ನೇಯುವ ಕುರುಬರ ದಾರಿಯೇ ಆಯಿತು, ಹುಣಸೆ ಬೀಜದ ಸರಿ. ಬೀಜವನ್ನು ಸಿಪ್ಪೆಯ ಸಮೇತ ಬೇಯಿಸಿಬಿಟ್ಟರೆ ಕಬ್ಬಿಣ ತಾಗಿದ ಕಡೆಯೆಲ್ಲ ಉಣ್ಣೆ ಕಪ್ಪಾಗುತ್ತದೆ. ಮೊದಲ ಸಲ ಹಾಗಾದಾಗ ಹಾಳಾಯಿತು ಎಂದುಕೊಂಡೆ. ಆಮೇಲೆ ಆ ಕಲೆಯೇ ಇಷ್ಟವಾಯಿತು.

ಮೊದಲು ಮಾಡಹೊರಟದ್ದು ಬೋಗುಣಿಯ ಮುಂದೆ ಕೂತ ಅಬ್ಬಾನ ಆಕೃತಿ. ತಲೆ, ಬೆನ್ನು, ಮುಂದೆ ಚಾಚಿದ ಕೈ. ಅರ್ಧ ಆಗಿತ್ತು. ಅಮ್ಮಿಗೆ ಆಗ ಎಂಬತ್ತು ದಾಟಿತ್ತು. ನಮಾಜಿಗೆ ನಿಲ್ಲುವ ಮೊದಲು ತಮ್ಮ ದುಪಟ್ಟವನ್ನು ಅದರ ಮೇಲೆ ಹೊದಿಸುತ್ತಿದ್ದರು. ಒಂದು ದಿನ ಬಾಯಿಬಿಟ್ಟು ಹೇಳಿದರು: “ಬೇಟಾ, ಆತನನ್ನು ಮೂರ್ತಿ ಮಾಡಬೇಡ. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳದ ಮನುಷ್ಯ.”

ನಾನು ಜಗಳಕ್ಕೆ ನಿಂತೆ. ಮೂವತ್ತು ವರ್ಷ ಮಕ್ಕಳಿಗೆ ಮನುಷ್ಯರ ಚಿತ್ರ ಬರೆಸಿದವಳು ನಾನು. ಇದು ಪೂಜೆಗಲ್ಲ, ನೆನಪಿಗೆ ಎಂದೆ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಆ ಆಕೃತಿಯನ್ನು ಮತ್ತೆ ನೋಡಿದೆ. ಅಮ್ಮಿಯ ಧರ್ಮದ ಮಾತು ಪಕ್ಕಕ್ಕಿರಲಿ, ಅದು ಅಬ್ಬಾ ಆಗಿರಲಿಲ್ಲ. ಯಾವ ಊರಿನ ಯಾವ ಮುದುಕನೂ ಆಗಬಹುದಿತ್ತು. ತಲೆ ತೆಗೆದೆ, ಕೈ ತೆಗೆದೆ. ಅವರು ಕೂರುತ್ತಿದ್ದ ಮಣೆ ಮನೆಯಲ್ಲಿತ್ತು. ಆ ಮಣೆ, ಚರಕದ ಹಿಡಿ, ಇವೆರಡರ ನಡುವೆ ಕೂತವರ ಮಡಿಲಿನ ಮತ್ತು ಮೊಣಕಾಲಿನ ಅಚ್ಚಿನಂತೆ ಬಾಗಿದ ಒಂದು ಉಣ್ಣೆಯ ಹಾಳೆ. ಮನುಷ್ಯ ಇಲ್ಲ, ಅವನು ಕೂತಿದ್ದ ಜಾಗ ಇದೆ. ಅಮ್ಮಿ ಅದನ್ನು ಬಹಳ ಹೊತ್ತು ನೋಡಿದರು. “ಎಡಗಾಲು ಇನ್ನೂ ಸ್ವಲ್ಪ ಮುಂದೆ ಇಡುತ್ತಿದ್ದರು” ಎಂದರು. ಸರಿಪಡಿಸಿದೆ. ಮರುದಿನದಿಂದ ಅವರೇ ಉಣ್ಣೆ ಹಿಂಜಲು ಕೂತರು.

ಇಂಥ ಕೆಲಸವನ್ನು ಬೇರೆ ಯಾರು ಮಾಡಿದ್ದಾರೆ ಎಂದು ಆ ದಿನಗಳಲ್ಲಿ ಓದತೊಡಗಿದೆ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್ ಎಂಬಲ್ಲಿ ಮಂಜುಗಟ್ಟಿದ ಗೋರಿಯೊಂದರಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಹಂಸಗಳು ಸಿಕ್ಕಿವೆ. ಉಣ್ಣೆಯ ನಮ್ದಾದಿಂದ ಮಾಡಿ, ಒಳಗೆ ಕೂದಲು ತುಂಬಿ ನಿಲ್ಲಿಸಿದ ಹಂಸಗಳು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಶೀಲಾ ಗೌಡ ಅವರು 2009ರ ವೆನಿಸ್ ಪ್ರದರ್ಶನದಲ್ಲಿ ಕಾರಿನ ಬಂಪರುಗಳನ್ನು ಮನುಷ್ಯರ ಕೂದಲಿನ ಹಗ್ಗದಿಂದ ತೂಗುಹಾಕಿದ್ದರು. ನಮ್ಮ ರಸ್ತೆಗಳಲ್ಲಿ ದೃಷ್ಟಿ ತಾಗದಿರಲೆಂದು ಗಾಡಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ. ಆ ಕೂದಲು ಹರಕೆಯ ಮುಡಿ ಕೊಟ್ಟವರದು.

ಉಣ್ಣೆಯ ನಮ್ದಾ ಎಂದರೆ ಕಲೆಯ ಲೋಕ ಮೊದಲು ಹೆಸರಿಸುವುದು ಜರ್ಮನಿಯ ಜೋಸೆಫ್ ಬಾಯ್ಸ್ ಅವರನ್ನು. ಎರಡನೇ ಮಹಾಯುದ್ಧದಲ್ಲಿ, 1944ರ ಮಾರ್ಚಿಯಲ್ಲಿ ಅವರಿದ್ದ ವಿಮಾನ ಕ್ರಿಮಿಯಾದಲ್ಲಿ ಬಿತ್ತು. ಅಲ್ಲಿನ ತಾತಾರರು ತನ್ನ ಮೈಗೆ ಕೊಬ್ಬು ಸವರಿ, ನಮ್ದಾದಲ್ಲಿ ಸುತ್ತಿ ಬದುಕಿಸಿದರು ಎಂದು ಅವರು ಹೇಳುತ್ತಿದ್ದರು. ಆಮೇಲೆ ಅವರ ಕಲೆಯ ತುಂಬ ನಮ್ದಾ ಮತ್ತು ಕೊಬ್ಬು. ದಾಖಲೆಗಳು ಬೇರೆಯೇ ಹೇಳುತ್ತವೆ, ಅವರನ್ನು ಆಸ್ಪತ್ರೆಗೆ ಸೇರಿಸಿದ್ದು ಜರ್ಮನ್ ಸೈನಿಕರು. ಕಥೆ ನಿಜವೋ ಸುಳ್ಳೋ, ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ದಿನಾಂಕ. ವಿಮಾನ ಬಿದ್ದು ಎರಡು ತಿಂಗಳಿಗೆ, ಅದೇ ವರ್ಷದ ಮೇ 18ರಂದು, ಸ್ಟಾಲಿನ್ನನ ಸರ್ಕಾರ ಕ್ರಿಮಿಯಾದ ಮುಸ್ಲಿಂ ತಾತಾರರನ್ನೆಲ್ಲ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಅಟ್ಟತೊಡಗಿತು. ಸಾವಿರಾರು ಜನ ಸತ್ತರು. ನಮ್ದಾ ವಸ್ತುಸಂಗ್ರಹಾಲಯ ಸೇರಿತು. ಅದನ್ನು ಹೊದಿಸಿದರು ಎನ್ನಲಾದವರ ಗತಿ ಏನಾಯಿತು ಎಂದು ಅದರ ಮುಂದೆ ನಿಂತವರಲ್ಲಿ ಎಷ್ಟು ಜನ ಕೇಳಿರುತ್ತಾರೆ? ಇದನ್ನು ಓದಿ ಬೇಸರಪಟ್ಟೆ. ನನ್ನ ಚೀಲದ ಉಣ್ಣೆಯ ಬಗ್ಗೆ ಮಾತ್ರ ಅದೇ ಪ್ರಶ್ನೆ ಹೊಳೆಯಲಿಲ್ಲ.

2017ರ ನವೆಂಬರಿನಲ್ಲಿ ಮೈಸೂರಿನ ಒಂದು ಗುಂಪು ಪ್ರದರ್ಶನದಲ್ಲಿ ನನ್ನ ನಾಲ್ಕು ಕೆಲಸಗಳನ್ನು ಇಟ್ಟರು. ಕೆಳಗಿನ ಚೀಟಿಯಲ್ಲಿ ‘ಸಿಕ್ಕಿದ ವಸ್ತುಗಳು, ಸ್ಥಳೀಯ ಉಣ್ಣೆ’ ಎಂದು ಬರೆದಿದ್ದರು. ಉದ್ಘಾಟಿಸಿದವರು ಇದು ಕುರುಬರ ಉಣ್ಣೆ, ಮುಸ್ಲಿಮರ ಚರಕ, ಟಿಬೆಟಿನ ವಿದ್ಯೆ ಕೂಡಿದ ಭಾವೈಕ್ಯ ಎಂದು ಹೊಗಳಿದರು. ನನಗೂ ಖುಷಿಯಾಯಿತು. ಹಳೆಯ ಬಿದಿರಿನ ಚಂದ್ರಿಕೆಯೊಂದರಲ್ಲಿ, ಹುಳು ಗೂಡು ಕಟ್ಟುವ ಜಾಗದಲ್ಲೆಲ್ಲ ಉಣ್ಣೆಯ ಖಾಲಿ ಗೂಡುಗಳನ್ನು ಕೂರಿಸಿದ್ದೆ. ಬೆಂಗಳೂರಿನವರೊಬ್ಬರು ಅದನ್ನು 18,000 ರೂಪಾಯಿ ಕೊಟ್ಟು ಕೊಂಡರು.

ಮನೆಗೆ ಬಂದು ಅಮ್ಮಿಯ ಕೈಗೆ ಹಣ ಕೊಟ್ಟೆ. ಎಣಿಸಿ ವಾಪಸು ಕೊಟ್ಟರು.

“ಉಣ್ಣೆ ಕೊಟ್ಟವಳಿಗೆ ಏನು ಕೊಟ್ಟೆ?”

“ಏನೂ ಇಲ್ಲ. ಬಿಸಾಡುವುದಿತ್ತು, ಕೊಟ್ಟರು.”

“ಚಂದ್ರಿಕೆ?”

“ಬೇಲಿಗೆ ಎಸೆದಿದ್ದರು. ಸಿಕ್ಕಿತು.”

ಅಮ್ಮಿ ಓದಿದ್ದು ಕಡಿಮೆ, ಆದರೆ ಮದರಸಾದಲ್ಲಿ ಕಲಿತದ್ದನ್ನು ಮರೆತವರಲ್ಲ. ಬಿದ್ದು ಸಿಕ್ಕಿದ ವಸ್ತುವಿಗೆ ನಮ್ಮಲ್ಲಿ ಲುಖ್ತಾ ಎನ್ನುತ್ತಾರೆ. ಅದಕ್ಕೆ ನಿಯಮಗಳಿವೆ. ಸಿಕ್ಕ ಚೀಲ ಯಾವುದು, ಅದರ ಬಾಯಿಗೆ ಕಟ್ಟಿದ ದಾರ ಎಂಥದ್ದು ಎಂದು ಚೆನ್ನಾಗಿ ಗುರುತಿಟ್ಟುಕೊಂಡು, ಒಂದು ವರ್ಷ ಜನರ ನಡುವೆ ಸಾರಬೇಕು. ಕಳೆದುಕೊಂಡವರು ಬಾರದಿದ್ದರೆ ಬಳಸಬಹುದು, ಬಂದ ದಿನ ಒಪ್ಪಿಸಬೇಕು. ದಾರಿ ತಪ್ಪಿದ ಕುರಿಯ ಬಗ್ಗೆಯೂ ಪ್ರವಾದಿಯವರನ್ನು ಕೇಳಿದ್ದರಂತೆ. ಬಿಟ್ಟರೆ ತೋಳದ ಪಾಲಾಗುತ್ತದೆ, ಅದಕ್ಕೇ ಹಿಡಿದಿಟ್ಟುಕೊಳ್ಳಬಹುದು. ಇದನ್ನೆಲ್ಲ ಅಮ್ಮಿ ನನಗೆ ಬೋಧನೆಯಾಗಿ ಹೇಳಲಿಲ್ಲ. ಉಣ್ಣೆ ಹಿಂಜುತ್ತಾ, ಕಥೆ ಹೇಳುವಂತೆ ಹೇಳಿದರು. ಕೊನೆಗೆ ಇಷ್ಟೇ: “ನಿನಗೆ ಸಿಕ್ಕಿತು ಅಂದರೆ ಯಾರೋ ಕಳೆದುಕೊಂಡಿದ್ದಾರೆ.”

ಆ ರಾತ್ರಿ ನಿದ್ದೆ ಬರಲಿಲ್ಲ. ಬೇರೆಯವರ ನೆನಪಾಯಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳಿಂದ ಕುರ್ಚಿ, ಮೇಜು ಮಾಡುತ್ತಾರೆ. ಲಂಟಾನ ಹೊರದೇಶದಿಂದ ಬಂದು ಕಾಡನ್ನೇ ಮುಚ್ಚಿಹಾಕಿದ ಗಿಡ. ಅದನ್ನು ಯಾರೂ ಕಳೆದುಕೊಂಡಿಲ್ಲ, ಕಡಿದಷ್ಟೂ ಕಾಡಿಗೆ ಒಳ್ಳೆಯದು. ನನ್ನ ಅಂಗಳದ ರಾಶಿ ಹಾಗಲ್ಲ. ಅಲ್ಲಿದ್ದ ಪ್ರತಿಯೊಂದೂ ಯಾರದೋ ಮುಚ್ಚಿದ ಕೆಲಸ. ಉಣ್ಣೆಗೆ ಬೆಲೆ ಇಲ್ಲದಾಗಿದ್ದು ಅದು ಕೆಟ್ಟದ್ದೆಂದಲ್ಲ. ಅಗ್ಗದ ಅಕ್ರಿಲಿಕ್ ಹೊದಿಕೆ ಬಂದು ಕಂಬಳಿ ಕೊಳ್ಳುವವರಿಲ್ಲ, ನೇಯುವವರು ಕಮ್ಮಿಯಾದರು. ನಮ್ಮ ಚರಕಕ್ಕೆ ಆದದ್ದೂ ಅದೇ. ನಮಗಾದ ನಷ್ಟವನ್ನು ನೆನಪು ಎಂದು ಕರೆದೆ, ಅವರಿಗಾದ ನಷ್ಟವನ್ನು ಕಸ ಎಂದು ಚೀಲಕ್ಕೆ ತುಂಬಿದೆ.

ಮೊದಲು ಚರಕ ಕೊಂಡಿದ್ದ ರೀಲರರ ಮನೆಗೆ ಹೋದೆ. ಮೂರೇ ಬೀದಿ ಆಚೆ, ಒಂದು ಸಲವೂ ಹೋಗಿರಲಿಲ್ಲ. ಹಾಸಿಗೆಯ ಮೇಲೆ ಕೂತಿದ್ದರು. ಮಣೆ ಮತ್ತು ಹಿಡಿಯ ಆ ಶಿಲ್ಪವನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ, ಬಿಚ್ಚಿ ತೋರಿಸಿದೆ. ಉಣ್ಣೆಯನ್ನು ಅವರು ನೋಡಲೇ ಇಲ್ಲ. ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು.

“ಈ ತಂತಿ ನಾಲ್ಕು ವರ್ಷ ನನ್ನ ಹೆಂಡತಿಯ ಕೈಗೆ ಚುಚ್ಚಿತು. ಕೊನೆಗೆ ಬಟ್ಟೆ ಸುತ್ತಿಕೊಂಡಳು.”

ಆ ಅಡ್ಡ ಸುತ್ತು. ಅದು ನನ್ನ ಬಾಲ್ಯದ ಗುರುತು ಎಂದು ನಾನು ಕಣ್ಣಿಗೊತ್ತಿಕೊಂಡಿದ್ದೆ. ಅದರ ಮೇಲೆ ಸುತ್ತಿದ್ದ ಒಂದು ಚಿಂದಿಯನ್ನು ಗುಜರಿ ಅಂಗಡಿಯಲ್ಲೇ ಕಿತ್ತು ಎಸೆದಿದ್ದೆ. ಆಕೆ ಆಗಲೇ ತೀರಿಕೊಂಡಿದ್ದರು. ಆ ಮನೆಯವರಿಂದ ಒಂದು ಹಳೆಯ ಬಟ್ಟೆಯ ಚೂರು ಕೇಳಿ ತಂದು, ತಂತಿಯ ಮೇಲೆ ಸುತ್ತಿದೆ. ಈಗ ಆ ತಂತಿ ಕಾಣುವುದಿಲ್ಲ.

ಕುರಿಯವರಿಗೆ ಕಾಯಬೇಕಾಯಿತು. ಅವರ ಊರು ಗೊತ್ತಿಲ್ಲ, ಹೆಸರು ಕೇಳಿರಲಿಲ್ಲ. ಗುರುತಿಗೆ ಉಳಿದದ್ದು ಎರಡು ಗೋಣಿಚೀಲ ಮತ್ತು ಅವುಗಳ ಬಾಯಿಗೆ ಬಿಗಿದಿದ್ದ ಕರಿ ಉಣ್ಣೆಯ ದಾರ. ಭತ್ತದ ಕೊಯ್ಲು ಮುಗಿದ ಮೇಲೆ, 2018ರ ಜನವರಿಯಲ್ಲಿ, ದಿನ ಬಿಟ್ಟು ದಿನ ಬಸ್ಸಿನಲ್ಲಿ ಯಳಂದೂರಿನ ಕಡೆ ಹೋಗಿ ಬರುತ್ತಿದ್ದೆ. ಎರಡು ಮಂದೆ ಬಂದವು, ಅವರಲ್ಲ. ಮೂರನೆಯ ಮಂದೆಯ ಹುಡುಗ ನನ್ನ ಕೈಯಲ್ಲಿದ್ದ ದಾರ ನೋಡಿ, “ಇದು ನಮ್ಮವ್ವ ಹೊಸೆಯೋ ದಾರ” ಎಂದ.

ಆತನ ತಾಯಿ ಆ ವರ್ಷ ಬಂದಿರಲಿಲ್ಲ, ಮೊಣಕಾಲು ನೋವು. ಫೋನಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದೆ. ಖಾಲಿ ಗೂಡುಗಳ ಚಂದ್ರಿಕೆಯನ್ನು ನೋಡಿ, “ಇದೇನು, ಜೇನುಗೂಡಾ?” ಎಂದ. ಅವ್ವನಿಗೆ ಕಳಿಸುತ್ತೇನೆಂದು ತನ್ನ ಫೋನಿಗೆ ಹಾಕಿಸಿಕೊಂಡ. 18,000 ಬಂತು ಎಂದು ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಕವರಿನಲ್ಲಿಟ್ಟಿದ್ದ 5,000 ಕೊಟ್ಟೆ.

ಆತ ಎಣಿಸಿದ. ಸ್ವಲ್ಪ ಹೊತ್ತು ಲೆಕ್ಕ ಹಾಕಿದ. “ಎರಡು ಚೀಲ ಅಂದ್ರೆ ಇಪ್ಪತ್ತು ಕೇಜಿ. ಒಳ್ಳೆ ಕಾಲದಲ್ಲಿ ನಮ್ ಕಡೆ ಮೂವತ್ತು ರೂಪಾಯಿಗೆ ಹೋಗಿತ್ತು. ಆರುನೂರು ಆಯ್ತದೆ ಅಕ್ಕ.” ಆರುನೂರು ಇಟ್ಟುಕೊಂಡು ಉಳಿದದ್ದನ್ನು ನನ್ನ ಕೈಗೇ ಹಾಕಿದ. ನಾನು ಒತ್ತಾಯಿಸಿದೆ. ಆತನಿಗೆ ಅದು ಇಷ್ಟವಾಗಲಿಲ್ಲ ಎಂದು ಮುಖದಲ್ಲೇ ಗೊತ್ತಾಯಿತು. ದಾನ ಅಂದುಕೊಂಡಿರಬೇಕು. ಸುಮ್ಮನಾದೆ.

“ಮೂವತ್ತರಂಗೆ ಕೊಡೋದಾದ್ರೆ ಈ ಸಲ ಎಷ್ಟು ಚೀಲ ಬೇಕು? ಮರಿ ಉಣ್ಣೆ ಬ್ಯಾರೆ ಕಟ್ತೀನಿ, ಅದಕ್ಕೆ ನಲವತ್ತು” ಎಂದ.

ನಾಲ್ಕು ಚೀಲ ಎಂದೆ. ಎರಡು ದಿನ ಬಿಟ್ಟು ಬರಲು ಹೇಳಿದ. ಅಲ್ಲೇ ಬದುವಿನ ಮೇಲೆ ಕೂತು, ಆತನ ತಾಯಿಯ ಹೆಸರನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಉಣ್ಣೆಯಿಂದ ಮಾಡಿದ ಪ್ರತಿಯೊಂದು ಕೆಲಸದ ಕೆಳಗೂ ಈಗ ಆ ಹೆಸರು ಇರುತ್ತದೆ. ‘ಸಿಕ್ಕಿದ ವಸ್ತು’ ಎಂದು ನಾನು ಬರೆಯುವುದಿಲ್ಲ.